ವಾನರನ ಕೈಗೆ ಕೋಲು ಕೊಟ್ಟವರು ಯಾರು?

ರಾಯಚೂರು ಜಿಲ್ಲೆಯಲ್ಲಿ ಗೊರಿಲ್ಲಾ ಎಲ್ಲಿದೆ? ಇರುವುದು ಒಂದೇ ಕಡೆ, ಗೋಡೆಯ ಮೇಲೆ. ಚಿಂಪಾಂಜಿ, ಒರಾಂಗುಟಾನ್‌ಗಳ ವಿಳಾಸವೂ ಅದೇ. ದೇವದುರ್ಗದ ಗುಡ್ಡಗಳಲ್ಲಿ, ಮಾನ್ವಿಯ ತೋಟಗಳಲ್ಲಿ, ರಾಯಚೂರಿನ ಗುಡಿಗಳ ಸುತ್ತಮುತ್ತ ಮಕ್ಕಳು ಕಾಣುವ ಮಂಗ, ಮುಸುವಗಳಿಗೆ ಉದ್ದನೆಯ ಬಾಲವಿದೆ. ಮಹಾವಾನರಗಳಿಗೆ ಬಾಲವಿಲ್ಲ. ಅವುಗಳ ತೋಳು ಕಾಲಿಗಿಂತ ಉದ್ದ, ಎದೆ ಅಗಲ, ಮಿದುಳು ದೊಡ್ಡದು. ಆಫ್ರಿಕದಲ್ಲಿ ಚಿಂಪಾಂಜಿ, ಬೊನೊಬೊ ಮತ್ತು ಎರಡು ಜಾತಿಯ ಗೊರಿಲ್ಲಾ. ಸುಮಾತ್ರಾ, ಬೋರ್ನಿಯೊ ದ್ವೀಪಗಳಲ್ಲಿ ಮೂರು ಜಾತಿಯ ಒರಾಂಗುಟಾನ್. ಮನುಷ್ಯನನ್ನು ಬಿಟ್ಟರೆ ಒಟ್ಟು ಏಳು ಜಾತಿ. ಭಾರತದ ಕಾಡುಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಈಶಾನ್ಯ ರಾಜ್ಯಗಳಲ್ಲಿರುವ ಹೂಲಾಕ್ ಗಿಬ್ಬನ್ ಬಾಲವಿಲ್ಲದ ವಾನರವೇ ಆದರೂ ಅದು ಚಿಕ್ಕ ವಾನರಗಳ ಗುಂಪಿಗೆ ಸೇರಿದ್ದು.

ಕರ್ನಾಟಕದಲ್ಲಿ ಜೀವಂತ ಗೊರಿಲ್ಲಾ ನೋಡಬೇಕಾದರೆ ಮೈಸೂರಿಗೆ ಹೋಗಬೇಕು. 1995ರಲ್ಲಿ ಡಬ್ಲಿನ್ ಮೃಗಾಲಯದಿಂದ ಬಂದ ಪೋಲೋ ಎಂಬ ಗೊರಿಲ್ಲಾ 2014ರವರೆಗೆ ಅಲ್ಲಿತ್ತು. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಆದರೆ ರಾಯಚೂರಿನಿಂದ ಮೈಸೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಎಷ್ಟು ಮಕ್ಕಳು ಹೋಗಿಬರಲು ಸಾಧ್ಯ? ಆದ್ದರಿಂದ ಈ ಭಾಗದ ಬಹುಪಾಲು ಮಕ್ಕಳ ಪಾಲಿಗೆ ಮಹಾವಾನರ ಎಂದರೆ ಒಂದು ಚಿತ್ರ. ಚಿತ್ರ ಹೇಗಿದೆಯೋ ಪ್ರಾಣಿಯೂ ಹಾಗೆಯೇ!

ಈ ಚಿತ್ರಗಳು ಎರಡು ದಾರಿಯಿಂದ ಗೋಡೆಗೆ ಬರುತ್ತವೆ. ಒಂದು, ಶಾಲೆಯ ವಿಜ್ಞಾನ ಕೊಠಡಿಯ ನಕ್ಷೆ. ಇನ್ನೊಂದು ಈಚಿನದು. ಇನ್ನೂರು ಮುನ್ನೂರು ವರ್ಷಗಳ ಹಿಂದಿನ ವೈಜ್ಞಾನಿಕ ಗ್ರಂಥಗಳ ಚಿತ್ರಗಳಿಗೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಅವನ್ನು ಮತ್ತೆ ಮುದ್ರಿಸಿ, ಕಟ್ಟು ಹಾಕಿಸಿ, ಮನೆಯ ಪಡಸಾಲೆಗೆ ಅಲಂಕಾರವಾಗಿ ತೂಗುಹಾಕುವ ರೂಢಿ ಜಗತ್ತಿನಾದ್ಯಂತ ಬೆಳೆದಿದೆ. ಹಳದಿ ತಿರುಗಿದ ಕಾಗದ, ಕೂದಲೆಳೆಯಂಥ ಗೆರೆಗಳು, ಕೆಳಗೆ ಲ್ಯಾಟಿನ್ ಹೆಸರು: ನೋಡಲು ಸೊಗಸೇ ಸರಿ. ದೇವರ ಪಟ, ಮದುವೆಯ ಫೋಟೋ, ಹಿರಿಯರ ಭಾವಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲೇ ಇಂಥ ಚಿತ್ರಕ್ಕೂ ಗಾಜು, ಕಟ್ಟು ಕೂಡುತ್ತವೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಟ್ಟು ಹಾಕಿದ ಚಿತ್ರಕ್ಕೆ ಒಂದು ವಿಚಿತ್ರ ಶಕ್ತಿಯಿದೆ. ಗುರುಗಳು ಒಂದು ತಾಸು ಪಾಠ ಹೇಳಿ ಹೋಗುತ್ತಾರೆ. ಗೋಡೆಯ ಚಿತ್ರ ವರ್ಷಗಟ್ಟಲೆ ಪಾಠ ಹೇಳುತ್ತಲೇ ಇರುತ್ತದೆ. ಎದುರು ಪ್ರಶ್ನೆ ಕೇಳಿದರೆ ಉತ್ತರ ಮಾತ್ರ ಕೊಡುವುದಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಹತ್ತನೆಯ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದನ್ನು ಉಳಿಸಿಕೊಂಡಿತು. ಇಂಥ ಪುಸ್ತಕ ಓದಿ, ಹತ್ತರ ನಂತರ ಕಲೆ, ವಾಣಿಜ್ಯ, ಐಟಿಐ ಕಡೆಗೆ ಹೋಗುವ ಮಗುವಿಗೆ ಈ ವಿಷಯದಲ್ಲಿ ಉಳಿಯುವ ಗುರು ಯಾರು? ಗೋಡೆಯ ಮೇಲಿನ ಚಿತ್ರವೇ. ಆದ್ದರಿಂದ ಆ ಗುರುವನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಗೋಡೆಯ ಚಿತ್ರವನ್ನು ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ರಾಯಚೂರಿನಲ್ಲೇ ಒಂದು ಮಾದರಿಯಿದೆ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂಡಿಸಲಾಗಿದೆ. ಕ್ರಿ.ಶ. 1294ರಲ್ಲಿ ವಿಠ್ಠಲನೆಂಬ ಅಧಿಕಾರಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೇರಿಸಿ, ಪ್ರಾಣಿಗಳ ಉದ್ದ ಸಾಲು ಕಟ್ಟಿ ಎಳೆದು ತಂದ ಬಗೆಯನ್ನೂ ಗೆರೆಗಳಲ್ಲಿ ಕೊರೆದು ತೋರಿಸಲಾಗಿದೆ. ಯಾರು ಮಾಡಿಸಿದ್ದು, ಯಾವಾಗ, ಹೇಗೆ ಎಂಬ ಮೂರಕ್ಕೂ ಅಲ್ಲಿ ಉತ್ತರವಿದೆ. ವಾನರನ ಚಿತ್ರಕ್ಕೂ ಇಂಥವೇ ಮೂರು ಪ್ರಶ್ನೆ ಹಾಕಬೇಕು. ಬರೆದವರು ಯಾರು? ಯಾವ ವರ್ಷ? ಅವರು ಕಣ್ಣಾರೆ ಕಂಡದ್ದೇನು?

ಮೊದಲು ಒಂದು ಹಳೆಯ ಚಿತ್ರ. ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟುಲ್ಪ್ 1641ರಲ್ಲಿ ತನ್ನ ಗ್ರಂಥದಲ್ಲಿ ಒಂದು ವಾನರದ ಚಿತ್ರ ಅಚ್ಚು ಹಾಕಿಸಿದ. ರೆಂಬ್ರಾಂಟನ ಪ್ರಸಿದ್ಧ ಚಿತ್ರದಲ್ಲಿ ಶವವನ್ನು ಕೊಯ್ದು ಪಾಠ ಹೇಳುವ ವೈದ್ಯ ಇವನೇ. ಮಡಿಲಲ್ಲಿ ಕೈಯಿಟ್ಟು, ತಲೆ ತಗ್ಗಿಸಿ ಕುಳಿತ ಆ ಪ್ರಾಣಿ ಬಂದದ್ದು ಆಫ್ರಿಕದ ಅಂಗೋಲದಿಂದ. ಟುಲ್ಪ್ ಅದಕ್ಕೆ ಕೊಟ್ಟ ಹೆಸರು ಮಾತ್ರ ‘ಇಂಡಿಯದ ಸ್ಯಾಟಿರ್’! ಸ್ಯಾಟಿರ್ ಎಂದರೆ ಗ್ರೀಕ್ ಪುರಾಣದ ಅರೆಮಾನವ. ಜೊತೆಗೆ ‘ಒರಾಂಗ್ ಊಟಾಂಗ್’ ಎಂಬ ಹೆಸರೂ ಅಂಟಿತು. ಇದು ಮಲಯ ಭಾಷೆಯ ಮಾತು. ಅರ್ಥ ಕಾಡಿನ ಮನುಷ್ಯ. ಪ್ರಾಣಿ ಆಫ್ರಿಕದ್ದು, ಹೆಸರು ಮಲಯದ್ದು, ಊರು ಇಂಡಿಯ. ದೂರದ ದೇಶಗಳೆಲ್ಲ ಒಂದೇ ಎನ್ನುವ ಕಾಲ ಅದು.

ಇನ್ನು ಕೋಲಿನ ಕಥೆ. 1698ರಲ್ಲಿ ಅಂಗೋಲದಿಂದ ಹಡಗಿನಲ್ಲಿ ಒಂದು ಎಳೆಯ ಚಿಂಪಾಂಜಿ ಲಂಡನ್ನಿಗೆ ಬಂತು. ದಾರಿಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿದ್ದ ಅದು ಬಹಳ ದಿನ ಬದುಕಲಿಲ್ಲ. ಎಡ್ವರ್ಡ್ ಟೈಸನ್ ಎಂಬ ವೈದ್ಯ ಅದರ ಶವವನ್ನು ಕೊಯ್ದು ಪರೀಕ್ಷಿಸಿ 1699ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಮಹಾವಾನರದ ಅಂಗರಚನೆಯನ್ನು ಹೀಗೆ ಒಂದೊಂದಾಗಿ ಬಿಡಿಸಿಟ್ಟ ಮೊದಲ ಕೆಲಸಗಳಲ್ಲಿ ಅದು ಒಂದು. ಈ ಪ್ರಾಣಿ ಮಂಗಕ್ಕಿಂತ ಮನುಷ್ಯನನ್ನು ಹೆಚ್ಚು ಹೋಲುವ ಅಂಶಗಳು 48, ಮನುಷ್ಯನಿಗಿಂತ ಮಂಗವನ್ನು ಹೆಚ್ಚು ಹೋಲುವ ಅಂಶಗಳು 34 ಎಂದು ಟೈಸನ್ ಎಣಿಸಿ ಬರೆದ. ಡಾರ್ವಿನ್ ಹುಟ್ಟುವುದಕ್ಕೆ ಇನ್ನೂ 110 ವರ್ಷ ಇದ್ದಾಗಿನ ಮಾತು ಇದು! ಆ ಚಿಂಪಾಂಜಿಯ ಅಸ್ಥಿಪಂಜರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಉಳಿದಿದೆ.

ಟೈಸನ್ನನ ಗ್ರಂಥದ ಚಿತ್ರ ಬರೆದವನು ವಿಲಿಯಂ ಕೂಪರ್. ಅದರಲ್ಲಿ ಚಿಂಪಾಂಜಿ ನೆಟ್ಟಗೆ ಎರಡು ಕಾಲ ಮೇಲೆ ನಿಂತಿದೆ. ಬಲಗೈಯಲ್ಲಿ ಒಂದು ಊರುಗೋಲು. ನೋಡಿದವರಿಗೆ ಯಾರೋ ಪುಟ್ಟ ಮುದುಕ ಸಂಜೆ ತಿರುಗಾಡಲು ಹೊರಟಂತೆ ಕಾಣುತ್ತದೆ. ಆದರೆ ಕೋಲು ಎಲ್ಲಿಂದ ಬಂತು? ಟೈಸನ್ ಮುಚ್ಚಿಡಲಿಲ್ಲ. ಪ್ರಾಣಿ ನಿತ್ರಾಣವಾಗಿತ್ತು, ಆಸರೆಗೆಂದು ತಾನೇ ಅದರ ಕೈಗೆ ಕೋಲು ಕೊಟ್ಟೆ ಎಂದು ಪುಸ್ತಕದಲ್ಲಿ ತಿಳಿಸಿದ. ಪುಸ್ತಕ ಓದಿದವರಿಗೆ ಇದು ಗೊತ್ತು. ಚಿತ್ರವನ್ನಷ್ಟೇ ಕಂಡವರಿಗೆ ಗೊತ್ತಾಗುವುದು ಹೇಗೆ? 1760ರಲ್ಲಿ ಲಿನೇಯಸ್ಸನ ಶಿಷ್ಯ ಹೋಪಿಯಸ್ ತನ್ನ ಪ್ರಬಂಧಕ್ಕೆ ನಾಲ್ಕು ‘ಮನುಷ್ಯರೂಪಿ’ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ. ಅವೆಲ್ಲ ಹಿಂದಿನವರ ಚಿತ್ರಗಳನ್ನು ನೋಡಿ ಬರೆದವು. ಆ ಸಾಲಿನಲ್ಲೂ ಕೋಲು ಇದೆ! ಪುಸ್ತಕದ ವಿವರಣೆ ಹಿಂದೆ ಉಳಿಯಿತು, ಕೋಲು ಮುಂದೆ ನಡೆಯಿತು.

ನಿಜವಾದ ಚಿಂಪಾಂಜಿ ಊರುಗೋಲು ಹಿಡಿದು ನಡೆಯುವುದಿಲ್ಲ. ಮುಂಗೈಯ ಬೆರಳುಗಳನ್ನು ಮಡಿಚಿ, ಗೆಣ್ಣುಗಳ ಮೇಲೆ ಭಾರ ಹಾಕಿ ನಾಲ್ಕು ಕಾಲಿನಲ್ಲಿ ನಡೆಯುತ್ತದೆ. ಗೊರಿಲ್ಲಾ ನಡೆಯುವುದೂ ಹೀಗೆಯೇ. ಎರಡು ಕಾಲ ಮೇಲೆ ನಾಲ್ಕು ಹೆಜ್ಜೆ ಇಡಬಲ್ಲವಾದರೂ ಮೊಣಕಾಲು, ಸೊಂಟ ಬಾಗಿಯೇ ಇರುತ್ತವೆ. ಹಾಗಾದರೆ ಚಿಂಪಾಂಜಿ ಕಡ್ಡಿ ಹಿಡಿಯುವುದೇ ಇಲ್ಲವೇ? ಹಿಡಿಯುತ್ತದೆ! 2025ರಲ್ಲಿ ತೀರಿಕೊಂಡ ಜೇನ್ ಗುಡಾಲ್ 1960ರಲ್ಲಿ ತಾಂಜಾನಿಯದ ಗೊಂಬೆ ಕಾಡಿನಲ್ಲಿ ಅದನ್ನು ಕಂಡರು. ಹುಲ್ಲಿನ ಕಡ್ಡಿಯನ್ನು ಗೆದ್ದಲು ಹುತ್ತದ ತೂತಿಗೆ ತೂರಿಸಿ, ಕಡ್ಡಿಗೆ ಅಂಟಿ ಬಂದ ಗೆದ್ದಲುಗಳನ್ನು ಅದು ತಿನ್ನುತ್ತಿತ್ತು. ಎಲೆ ಕಿತ್ತು ಕಡ್ಡಿಯನ್ನು ಹದ ಮಾಡಿಕೊಳ್ಳುವುದೂ ಅದಕ್ಕೆ ಗೊತ್ತಿತ್ತು. ಕಲಾವಿದ ಕೈಗಿಟ್ಟ ಕೋಲಿಗಿಂತ ಪ್ರಾಣಿ ತಾನೇ ಆರಿಸಿಕೊಂಡ ಕಡ್ಡಿ ಎಷ್ಟು ದೊಡ್ಡ ಸುದ್ದಿ ನೋಡಿ! ಆದರೆ ಅದನ್ನು ಕಾಣಲು ಕಾಡಿಗೆ ಹೋಗಿ ತಿಂಗಳುಗಟ್ಟಲೆ ಸುಮ್ಮನೆ ಕೂರಬೇಕಿತ್ತು.

ಹಳೆಯ ಚಿತ್ರಕಾರರನ್ನು ದೂರಿ ಫಲವಿಲ್ಲ. ಅವರ ಮುಂದೆ ಇರುತ್ತಿದ್ದುದು ಶವ, ಅಥವಾ ಒಳಗೆ ಏನೇನೋ ತುಂಬಿ ಹೊಲಿದ ಚರ್ಮ, ಇಲ್ಲವೇ ಮದ್ಯಸಾರದಲ್ಲಿ ನೆನೆಸಿಟ್ಟ ದೇಹ. ಅಚ್ಚಿನ ವಿಧಾನವೂ ಸುಲಭದ್ದಲ್ಲ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಶಾಯಿ ತುಂಬಿ, ಕಾಗದವನ್ನು ಒತ್ತುತ್ತಿದ್ದರು. ತಗಡಿನಲ್ಲಿರುವುದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಮೂಡುತ್ತದೆ. ಅಚ್ಚಾದ ಚಿತ್ರವನ್ನೇ ನೋಡಿ ಇನ್ನೊಬ್ಬ ನಕಲು ಕೊರೆದರೆ ಬಲಗೈಯ ಕೋಲು ಎಡಗೈಗೆ ಹೋಗುತ್ತದೆ! 1796ರ ಸುಮಾರಿಗೆ ಜರ್ಮನಿಯಲ್ಲಿ ಸೆನೆಫೆಲ್ಡರ್ ಕಲ್ಲಚ್ಚು ಕಂಡುಹಿಡಿದ ಮೇಲೆ ಕೊರೆಯುವ ಶ್ರಮ ತಪ್ಪಿತು. ಅದಕ್ಕೆ ಬೇಕಾದದ್ದು ನುಣುಪಾದ ಸುಣ್ಣಕಲ್ಲು. ಈ ಭಾಗದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಕೂಡ ಸುಣ್ಣಕಲ್ಲೇ.

ಗೊರಿಲ್ಲಾದ ಚಿತ್ರಕ್ಕೆ ಬೇರೆಯದೇ ರೋಗ ಹತ್ತಿತು. ಪಶ್ಚಿಮ ವಿಜ್ಞಾನಕ್ಕೆ ಈ ಪ್ರಾಣಿ ಗೊತ್ತಾದದ್ದೇ ತಡವಾಗಿ. 1847ರಲ್ಲಿ ಸ್ಯಾವೇಜ್ ಮತ್ತು ವೈಮನ್ ಎಂಬಿಬ್ಬರು ಗ್ಯಾಬನ್‌ನಿಂದ ಬಂದ ತಲೆಬುರುಡೆ, ಎಲುಬುಗಳ ಆಧಾರದಿಂದ ಅದನ್ನು ವರ್ಣಿಸಿದರು. 1861ರಲ್ಲಿ ಪಾಲ್ ಡು ಶೈಯು ಎಂಬ ಬೇಟೆಗಾರ ತನ್ನ ಆಫ್ರಿಕ ಪ್ರವಾಸದ ಪುಸ್ತಕ ಹೊರತಂದ. ಅಲ್ಲಿಂದ ಗೊರಿಲ್ಲಾ ಎಂದರೆ ಹಲ್ಲು ತೆರೆದು, ಎದೆ ಸೆಟೆದು ನಿಂತ ರಾಕ್ಷಸ. ಬಂದೂಕು ಹಿಡಿದು ಮೇಲೆ ಬಿದ್ದವನ ಮುಂದೆ ಯಾವ ಪ್ರಾಣಿ ಶಾಂತವಾಗಿ ಕೂತೀತು? 1959ರಲ್ಲಿ ಜಾರ್ಜ್ ಶಾಲರ್ ಬಂದೂಕು ಇಲ್ಲದೆ ವಿರುಂಗಾ ಬೆಟ್ಟಗಳಿಗೆ ಹೋಗಿ ನೋಡಿದರು. ಕಂಡದ್ದು ಎಲೆ, ದಂಟು ತಿಂದು, ಮಧ್ಯಾಹ್ನ ಮಲಗಿ, ಮರಿಗಳನ್ನು ಆಡಿಸುವ ಸಂಸಾರ. ಎದೆ ಬಡಿದುಕೊಳ್ಳುವುದು ಬಹಳ ಸಲ ಜಗಳ ತಪ್ಪಿಸುವ ಬೆದರಿಕೆ ಮಾತ್ರ. ಆದರೂ ಸಿನಿಮಾ ಭಿತ್ತಿಪತ್ರಗಳಿಂದ ಮಕ್ಕಳ ಅಂಗಿಯವರೆಗೆ ಗೊರಿಲ್ಲಾ ಇನ್ನೂ ಹಲ್ಲು ಕಿರಿಯುತ್ತಲೇ ಇದೆ.

ಶಾಲೆಯ ಗೋಡೆಗೆ ಅತಿ ಹತ್ತಿರದ ಚಿತ್ರ ಇನ್ನೊಂದಿದೆ. ಥಾಮಸ್ ಹಕ್ಸ್‌ಲಿ 1863ರಲ್ಲಿ ನಿಸರ್ಗದಲ್ಲಿ ಮಾನವನ ಸ್ಥಾನವನ್ನು ಕುರಿತು ಬರೆದ ಪುಸ್ತಕದ ಆರಂಭದಲ್ಲಿ ಐದು ಅಸ್ಥಿಪಂಜರಗಳು ಸಾಲಾಗಿ ನಡೆಯುತ್ತವೆ: ಗಿಬ್ಬನ್, ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲಾ, ಮನುಷ್ಯ. ಬರೆದವರು ವಾಟರ್‌ಹೌಸ್ ಹಾಕಿನ್ಸ್. ಗಿಬ್ಬನ್ ಬಹಳ ಚಿಕ್ಕದಾದ್ದರಿಂದ ಅದನ್ನೊಂದನ್ನು ಎರಡು ಪಟ್ಟು ದೊಡ್ಡದಾಗಿ ಬರೆಯಲಾಯಿತು. ಹಾಗೆಂದು ಚಿತ್ರದ ಕೆಳಗೆ ಅಚ್ಚಾಗಿಯೂ ಇದೆ. ಎಲುಬಿಗೆ ಎಲುಬು ಹೋಲಿಸಿ ನೋಡಿ ಎಂಬುದಷ್ಟೇ ಹಕ್ಸ್‌ಲಿಯ ಉದ್ದೇಶ. ಐದೂ ಇಂದಿಗೂ ಭೂಮಿಯ ಮೇಲಿರುವ ಜೀವಿಗಳೇ. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಡೆಯುತ್ತಿದ್ದರೆ ಕಣ್ಣಿಗೆ ಅದು ಮೆರವಣಿಗೆಯೇ. ಕಟ್ಟಿನೊಳಗೆ ಕೆಳಗಿನ ಸಾಲನ್ನು ಕತ್ತರಿಸಿಬಿಟ್ಟರಂತೂ ಗಿಬ್ಬನ್ನಿನ ಅಳತೆಯೂ ಸುಳ್ಳಾಗುತ್ತದೆ.

1965ರಲ್ಲಿ ಅಮೆರಿಕದ ಟೈಮ್-ಲೈಫ್ ಪುಸ್ತಕವೊಂದಕ್ಕೆ ರುಡಾಲ್ಫ್ ಝಾಲಿಂಗರ್ ಬರೆದ ಚಿತ್ರದಲ್ಲಿ ಮೆರವಣಿಗೆ ಪೂರ್ತಿಯಾಯಿತು. ಎಡಗಡೆ ವಾನರ, ಬಲಗಡೆ ಇಂದಿನ ಮನುಷ್ಯ. ಒಟ್ಟು 15 ಆಕೃತಿಗಳು ಒಂದರ ಹಿಂದೆ ಒಂದು. ಶಾಲೆಯ ನಕ್ಷೆ, ಜಾಹೀರಾತು, ವ್ಯಂಗ್ಯಚಿತ್ರ, ಎಲ್ಲದಕ್ಕೂ ಈ ಸಾಲೇ ಮಾದರಿಯಾಯಿತು. ಅದರಲ್ಲಿ ಐದನೆಯ ಆಕೃತಿ ರಾಮಾಪಿಥೆಕಸ್. ಇಂದಿನ ಪಾಲಕರಲ್ಲಿ, ಅಜ್ಜಂದಿರಲ್ಲಿ ಹಲವರು ಈ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿರಬಹುದು. 1932ರಲ್ಲಿ ಇಂದಿನ ಹಿಮಾಚಲ ಪ್ರದೇಶದ ಹರಿತಾಲ್ಯಾಂಗರ್ ಬಳಿ ಜಿ. ಎಡ್ವರ್ಡ್ ಲೂಯಿಸ್ ಅದರ ಪಳೆಯುಳಿಕೆ ಕಂಡರು. ಸಿಕ್ಕದ್ದು ಹಲ್ಲುಗಳಿದ್ದ ದವಡೆಯ ಚೂರು. ಆ ಚೂರಿನಿಂದ ಕಲಾವಿದ ಕಟ್ಟಿದ್ದು ಎರಡು ಕಾಲ ಮೇಲೆ ನಡೆಯುವ ಪೂರ್ತಿ ದೇಹ! ಮುಂದೆ ಪಾಕಿಸ್ತಾನದಲ್ಲಿ ಇದೇ ಬಗೆಯ ವಾನರದ ಮುಖದ ಎಲುಬು ಸಿಕ್ಕಿತು. ಅದು ಒರಾಂಗುಟಾನನ್ನು ಹೋಲುತ್ತಿತ್ತು. 1980ರ ದಶಕದ ಹೊತ್ತಿಗೆ ರಾಮಾಪಿಥೆಕಸ್ ಮಾನವನ ಪೂರ್ವಜರ ಪಟ್ಟಿಯಿಂದ ಇಳಿದು ಶಿವಾಪಿಥೆಕಸ್ ಎಂಬ ವಾನರ ಗುಂಪಿಗೆ ಸೇರಿತು. ವಿಜ್ಞಾನ ತಿದ್ದಿಕೊಂಡಿತು. ಗೋಡೆಗೆ ಬಡಿದ ಮೊಳೆ ತಿದ್ದಿಕೊಳ್ಳಲಿಲ್ಲ.

ಈ ಸಾಲನ್ನು ನೋಡಿ ಬೆಳೆದ ಮಗು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: “ಅಪ್ಪಾ, ಮಂಗ್ಯಾ ಮನುಷ್ಯಾ ಆಗಿದ್ರ ಈಗಿನ ಮಂಗ್ಯಾಗಳು ಯಾಕ ಮನುಷ್ಯಾರು ಆಗವಲ್ವು?” ಬಹಳ ಒಳ್ಳೆಯ ಪ್ರಶ್ನೆ. ಗದರಿಸಿ ಕೂರಿಸಬಾರದು, “ಅವೆಲ್ಲಾ ಸುಳ್ಳು ಬಿಡು” ಎಂದು ಹಾರಿಸಿಯೂ ಬಿಡಬಾರದು. ಉತ್ತರ ಪ್ರತಿಯೊಂದು ಮನೆಯಲ್ಲೂ ಇದೆ. ದೊಡ್ಡಪ್ಪನ ಮಗ ನಿಮಗೆ ಅಣ್ಣ, ಅಜ್ಜನಲ್ಲ. ನಿಮಗೂ ಅವನಿಗೂ ಅಜ್ಜ ಒಬ್ಬನೇ. ಅವನು ಎಷ್ಟು ವರ್ಷ ಕಾದರೂ ನೀವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಚಿಂಪಾಂಜಿ ಮತ್ತು ಮನುಷ್ಯರ ಸಂಬಂಧ ಇಂಥದು. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಇಬ್ಬರಿಗೂ ಸಮಾನವಾದ ಪೂರ್ವಜರಿದ್ದರು. ಅಲ್ಲಿಂದ ಎರಡು ಕವಲು. ಅವರಷ್ಟೇ ಕಾಲ ಇವೂ ಬದಲಾಗುತ್ತ ಬಂದಿವೆ. ಬಾಲವುಳ್ಳ ಮಂಗಗಳ ಕವಲು ಇನ್ನೂ ಎಷ್ಟೋ ಹಿಂದೆಯೇ ಒಡೆದದ್ದು. ‘ಮಂಗನಿಂದ ಮಾನವ’ ಎಂಬ ಮಾತನ್ನು ಡಾರ್ವಿನ್ ತಲೆಗೆ ಕಟ್ಟಿದ್ದರಲ್ಲಿ ಇಂಥ ಚಿತ್ರಗಳ ಪಾಲು ದೊಡ್ಡದು. ಜೀವವಿಕಾಸ ಮೆರವಣಿಗೆಯಲ್ಲ, ಆಲದ ಮರ.

ಚಿತ್ರವಿಲ್ಲದೆಯೂ ಇದರ ಒಂದು ಪುಟವನ್ನು ಓದಬಹುದು. ಅದು ದೇವದುರ್ಗದಿಂದ ಬಹಳ ದೂರವಿಲ್ಲ. ಕೃಷ್ಣೆಯ ಆಚೆ, ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹಲವು ದಶಕ ಶೋಧ ನಡೆಸಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ತಾಣವೇ ದೊರೆಯಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ ಅದರ ಕಾಲ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಲಾಗಿದೆ. ಕಲ್ಲು ಸಿಕ್ಕಿದೆ, ಅದನ್ನು ಒಡೆದ ಚಕ್ಕೆಗಳೂ ಸಿಕ್ಕಿವೆ. ಒಡೆದವರ ಎಲುಬು ಸಿಕ್ಕಿಲ್ಲ. ಆದ್ದರಿಂದ ಅವರ ಮುಖ ಹೀಗೇ ಇತ್ತು ಎಂದು ಯಾರಾದರೂ ಬರೆದು ಕೊಟ್ಟರೆ ಅದು ಊಹೆ. ಕೈಗೊಡಲಿ ಊಹೆಯಲ್ಲ. ಕಂಡದ್ದು ಯಾವುದು, ಕಲ್ಪಿಸಿದ್ದು ಯಾವುದು ಎಂದು ಬೇರೆ ಮಾಡುವುದೇ ವಿಜ್ಞಾನದ ಮೊದಲ ಪಾಠ.

ಹಾಗಾದರೆ ಹಳೆಯ ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕೇ? ಬೇಡ. ಟೈಸನ್ನನ ಚಿಂಪಾಂಜಿ, ಹಕ್ಸ್‌ಲಿಯ ಅಸ್ಥಿಪಂಜರ ಎರಡೂ ವಿಜ್ಞಾನ ನಡೆದು ಬಂದ ದಾರಿಯ ಗುರುತುಗಳು. ಇಳಿಸುವ ಬದಲು ಅವಕ್ಕೆ ಬಾಯಿ ಕೊಡಬೇಕು. ಕಟ್ಟಿನ ಕೆಳಗೆ ಅಂಗೈಯಗಲದ ಒಂದು ಚೀಟಿ ಸಾಕು. ಪ್ರಾಣಿಯ ಸರಿಯಾದ ಹೆಸರು, ಬರೆದವರು, ವರ್ಷ, ಬರೆದವರು ನೋಡಿದ್ದು ಜೀವಂತ ಪ್ರಾಣಿಯೋ ಶವವೋ, ಚಿತ್ರದಲ್ಲಿ ಈಗ ತಪ್ಪೆಂದು ತಿಳಿದಿರುವುದು ಏನು: ಈ ಐದು ಸಾಲುಗಳನ್ನು ವಿದ್ಯಾರ್ಥಿಗಳೇ ಕನ್ನಡದಲ್ಲಿ ದುಂಡಗೆ ಬರೆಯಲಿ. ಕೊನೆಗೆ ಆರನೆಯ ಸಾಲನ್ನೂ ಸೇರಿಸಬಹುದು. ಏಳು ಜಾತಿಯ ಮಹಾವಾನರಗಳೂ ಅಳಿವಿನ ಅಂಚಿನ ಪಟ್ಟಿಯಲ್ಲಿವೆ. 2017ರಲ್ಲಿ ಬೇರೆ ಜಾತಿಯೆಂದು ಗುರುತಿಸಲಾದ ಸುಮಾತ್ರಾದ ತಪನುಲಿ ಒರಾಂಗುಟಾನ್‌ಗಳ ಸಂಖ್ಯೆ ಆಗಲೇ 800ಕ್ಕಿಂತ ಕಡಿಮೆ ಇತ್ತು. ಒಂದು ದೊಡ್ಡ ಪ್ರೌಢಶಾಲೆಯ ಮಕ್ಕಳಷ್ಟು! ಇನ್ನೊಂದು ಮಾತು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಚಿತ್ರ ಬೇಡ. ರಾಯಚೂರಿನ ಬೇಸಿಗೆ ಬಣ್ಣವನ್ನು ಬೇಗ ತಿಂದುಹಾಕುತ್ತದೆ.

ಮನೆಯಲ್ಲಿ ಪಾಲಕರು ಮಾಡಬಹುದಾದ ಕೆಲಸವೂ ಇದೆ. ರಜೆಯ ಒಂದು ಮುಂಜಾನೆ ಮಗುವಿನ ಕೈಗೆ ಪೆನ್ಸಿಲು, ಕಾಗದ ಕೊಟ್ಟು ಊರ ಗುಡ್ಡಕ್ಕೋ ಗುಡಿಗೋ ಕರೆದುಕೊಂಡು ಹೋಗಿ. ತಿನ್ನಲು ಏನೂ ಕೊಡದೆ, ದೂರದಲ್ಲಿ ಕುಳಿತು, ಮಂಗವನ್ನು ಅರ್ಧ ತಾಸು ನೋಡಲಿ. ಅದು ಹೇಗೆ ಕೂರುತ್ತದೆ, ಮರಿಯನ್ನು ಎಲ್ಲಿ ಹಿಡಿಯುತ್ತದೆ, ಜಿಗಿಯುವಾಗ ಬಾಲ ಎತ್ತ ತಿರುಗುತ್ತದೆ ಎಂದು ಕಂಡಷ್ಟನ್ನೇ ಬರೆಯಲಿ. ಕಾಣದ್ದನ್ನು ಖಾಲಿ ಬಿಡಲಿ. ಕೆಳಗೆ ತನ್ನ ಹೆಸರು, ಊರು, ತಾರೀಖು ಹಾಕಲಿ. ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಮಂಗ ಕೋಲು ಹಿಡಿದಿರದಿದ್ದರೆ ಕೋಲು ಬರೆಯಬಾರದು, ಅಷ್ಟೆ. ಆ ಚಿತ್ರಕ್ಕೂ ಒಂದು ಕಟ್ಟು ಹಾಕಿಸಿ.